ದಮ್ಮು ಇರುವ ಹಿರಿಯರಿಗೆ ಪಂಪು, ಉಸಿರು, ನಡಿಗೆ: ಮನೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ

"ಪಂಪು ಶುರು ಮಾಡಿ ಮೂರು ತಿಂಗಳಾಯ್ತು, ಅಪ್ಪನ ದಮ್ಮು ಹಾಗೇ ಇದೆ" ಎನ್ನುವ ಮನೆಗಳಲ್ಲಿ ಹೆಚ್ಚಿನ ಕಡೆ ಪಂಪಿನ, ಅಂದರೆ ಬಾಯಿಂದ ಎಳೆದುಕೊಳ್ಳುವ ಇನ್ಹೇಲರಿನ, ಔಷಧ ಸರಿಯಾಗಿಯೇ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿಯದೆ ನಾಲಿಗೆಯ ಮೇಲೋ ಗಂಟಲಲ್ಲೋ ಉಳಿದಿರುತ್ತದೆ. ಔಷಧ ಇಳಿಯದೆ ಉಸಿರಾಟದ ಅಭ್ಯಾಸ ಹಿಡಿಯುವುದಿಲ್ಲ, ಉಸಿರು ಹತೋಟಿಗೆ ಬರದೆ ನಡಿಗೆ ಸಾಗುವುದಿಲ್ಲ, ನಡೆಯದ ಕಾಲು ಸೊರಗಿ ದಮ್ಮು ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಮುಖ್ಯವಾಗಿ ಇದು ಸಿಒಪಿಡಿ ಇರುವ ಹಿರಿಯರಿಗೆ, ಅಂದರೆ ಬೀಡಿ, ಸಿಗರೇಟು ಅಥವಾ ವರ್ಷಾನುಗಟ್ಟಲೆ ಸೌದೆ ಒಲೆಯ ಹೊಗೆಯಿಂದ ಶ್ವಾಸನಾಳಗಳು ಕಿರಿದಾದವರಿಗೆ. ಪಂಪು ಎಳೆಯುವ ವಿಧಾನ ಅಸ್ತಮಾ ಇರುವವರಿಗೂ ಹಾಗೆಯೇ ಅನ್ವಯಿಸುತ್ತದೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಮನೆಯಲ್ಲಿರುವ ಎಲ್ಲ ಪಂಪುಗಳು, ಅವುಗಳ ಡಬ್ಬಿ ಸಮೇತ. ಒಂದು ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಮುಖ ಕಾಣುವಷ್ಟು ದೊಡ್ಡ ಕನ್ನಡಿ. ಸೆಕೆಂಡ್ ಮುಳ್ಳಿರುವ ಗಡಿಯಾರ. ರಕ್ತದ ಆಮ್ಲಜನಕ ಶೇಕಡಾ ಎಷ್ಟೆಂದು ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರ್. ಎರಡೂ ಕಡೆ ಕೈ ಇರುವ, ಅಲುಗಾಡದ ಕುರ್ಚಿ. ಒಂದು ನೋಟ್‌ಬುಕ್, ಒಂದು ಮಾರ್ಕರ್ ಪೆನ್ನು. ಇಷ್ಟಿದ್ದರೆ ಸಾಕು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ, ಆಕ್ಸಿಜನ್ ಕಾನ್ಸಂಟ್ರೇಟರ್, ಈ ಪಟ್ಟಿಯಲ್ಲಿಲ್ಲ. ಪಂಪು ಎಳೆಯಲು ಕಲಿಯುವ ಮುಂಚೆಯೇ ಸಾವಿರಾರು ರೂಪಾಯಿ ಕೊಟ್ಟು ಅದನ್ನು ತರುವವರಿದ್ದಾರೆ. ಅದರ ಮಾತು ಏಳನೇ ಹಂತದಲ್ಲಿ ಬರುತ್ತದೆ.

ಹಂತ 1: ದಮ್ಮಿಗೆ ಕಾರಣ ಯಾವುದೆಂದು ಖಚಿತ ಮಾಡಿಕೊಳ್ಳಿ

"ವಯಸ್ಸಾಯ್ತಲ್ಲ, ದಮ್ಮು ಸಹಜ" ಎಂದು ಬಿಟ್ಟರೆ ಹೃದಯದ ತೊಂದರೆ, ರಕ್ತಹೀನತೆ, ಕ್ಷಯ ಎಲ್ಲವೂ ಆ ಮಾತಿನ ಹಿಂದೆ ಅಡಗಿ ಕೂರುತ್ತವೆ. ಸಿಒಪಿಡಿ ಇದೆಯೆಂದು ಖಚಿತವಾಗುವುದು ಸ್ಪೈರೋಮೆಟ್ರಿಯಿಂದ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಗೂ ಒಟ್ಟು ಹೊರಬರುವ ಗಾಳಿಗೂ ಇರುವ ಅನುಪಾತ, ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ 0.70ಕ್ಕಿಂತ ಕಡಿಮೆಯೇ ಉಳಿದರೆ ನಾಳಗಳು ಕಿರಿದಾಗಿವೆ ಎಂದರ್ಥ. ಬರೀ ಎಕ್ಸ್‌ರೇ ನೋಡಿ ಇದನ್ನು ಹೇಳಲಾಗದು. ಪರೀಕ್ಷೆಯ ದಿನ ಯಾವ ಪಂಪನ್ನು ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕೆಂದು ಕೇಳಿಕೊಂಡೇ ಹೋಗಿ.

ಕೆಮ್ಮು ಎರಡು ವಾರ ದಾಟಿದರೆ ಕಫದ ಪರೀಕ್ಷೆ ಆಗಲೇಬೇಕು. ಕ್ಷಯಕ್ಕಾಗಿ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ.

ವೈದ್ಯರ ಬಳಿ ಹೋಗುವಾಗ ಮನೆಯ ಎಲ್ಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕಣ್ಣಿನ ಹನಿಯನ್ನು ಮರೆಯಬೇಡಿ. ಗ್ಲಾಕೋಮಾಕ್ಕೆ (ಕಣ್ಣಿನೊಳಗಿನ ಒತ್ತಡದ ಕಾಯಿಲೆಗೆ) ಕೊಡುವ ಟಿಮೊಲೊಲ್ ಹನಿ ಕಣ್ಣಿನಿಂದ ರಕ್ತಕ್ಕೆ ಸೇರಿ ಶ್ವಾಸನಾಳವನ್ನು ಬಿಗಿಯಬಲ್ಲದು. ಹನಿ ಬರೆದುಕೊಟ್ಟ ಕಣ್ಣಿನ ವೈದ್ಯರಿಗೆ ದಮ್ಮಿನ ವಿಷಯ ಗೊತ್ತಿರುವುದಿಲ್ಲ, ದಮ್ಮಿನ ವೈದ್ಯರಿಗೆ ಹನಿಯ ವಿಷಯ ಗೊತ್ತಿರುವುದಿಲ್ಲ. ನಿದ್ದೆ ಮಾತ್ರೆಯನ್ನೂ ತೋರಿಸಿ, ಕೆಲವು ಉಸಿರಾಟವನ್ನೇ ನಿಧಾನಿಸುತ್ತವೆ. ದಮ್ಮಿಗೆ ಕೊಡುವ ಥಿಯೋಫಿಲಿನ್ ಇರುವ ಮಾತ್ರೆ ನುಂಗುತ್ತಿರುವವರು ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ ಅನ್ನು ಅಂಗಡಿಯಿಂದ ತಾವೇ ತಂದು ನುಂಗಿದರೆ ಥಿಯೋಫಿಲಿನ್ ಮೈಯಲ್ಲಿ ಏರಿ ಎದೆಬಡಿತ, ನಡುಕ, ವಾಂತಿ ಶುರುವಾಗಬಹುದು. ಇನ್ನೊಂದು ಕೆಟ್ಟ ರೂಢಿ ಎಂದರೆ ದಮ್ಮು ಬಂದಾಗಲೆಲ್ಲ ಹಳೇ ಚೀಟಿ ತೋರಿಸಿ ಸ್ಟೀರಾಯ್ಡ್ ಮಾತ್ರೆ ತರುವುದು. ಎರಡೇ ದಿನದಲ್ಲಿ ಹಾಯೆನಿಸುತ್ತದೆ, ಆದರೆ ವರ್ಷಕ್ಕೆ ಐದಾರು ಸಲ ಹೀಗಾದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಹಂತ 2: ಯಾವ ಪಂಪು ಯಾವುದಕ್ಕೆ, ಗುರುತು ಹಾಕಿ

ಎರಡು ಬಗೆಯ ಪಂಪುಗಳಿವೆ. ಒಂದು ದಮ್ಮು ಕಟ್ಟಿದಾಗ ತಕ್ಷಣ ಬಿಡಿಸುವುದು, ಸಾಲ್ಬುಟಮಾಲ್ ಅಥವಾ ಲೆವೊಸಾಲ್ಬುಟಮಾಲ್ ಇರುವಂಥದ್ದು. ಇನ್ನೊಂದು ದಮ್ಮು ಇರಲಿ ಬಿಡಲಿ ದಿನವೂ ತೆಗೆದುಕೊಳ್ಳಬೇಕಾದ್ದು, ಟಯೊಟ್ರೋಪಿಯಮ್, ಫಾರ್ಮೊಟೆರಾಲ್, ಬುಡೆಸೊನೈಡ್ ಇತ್ಯಾದಿ ಇರುವಂಥದ್ದು. ಬಣ್ಣ ನೋಡಿ ತೀರ್ಮಾನಿಸಬೇಡಿ, ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ. ಮಾರ್ಕರ್‌ನಲ್ಲಿ ಒಂದರ ಮೇಲೆ "ದಿನಾ", ಇನ್ನೊಂದರ ಮೇಲೆ "ದಮ್ಮು ಬಂದಾಗ" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಓದಲು ಬಾರದವರಿದ್ದರೆ ದಿನದ ಪಂಪಿಗೆ ರಬ್ಬರ್ ಬ್ಯಾಂಡ್ ಸುತ್ತಿಬಿಡಿ, ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ.

ಇಲ್ಲಿ ಆಗುವ ತಪ್ಪು ಒಂದೇ: ತಕ್ಷಣ ಹಾಯೆನಿಸುವುದನ್ನು ಮೇಲಿಂದ ಮೇಲೆ ಹೊಡೆದುಕೊಳ್ಳುತ್ತಾರೆ, ದಿನದ್ದನ್ನು "ಏನೂ ಗೊತ್ತಾಗಲ್ಲ" ಎಂದು ಬಿಡುತ್ತಾರೆ. ಇನ್ನು ಪಂಪು ಚಟವಾಗುತ್ತದೆ ಎಂಬ ಭಯ. ಪಂಪಿನಿಂದ ಚಟ ಹತ್ತುವುದಿಲ್ಲ. ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಮೈತುಂಬ ಓಡಾಡುವ ಔಷಧ ಪಂಪಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಬೇಕಾದ ಜಾಗಕ್ಕೆ ಹೋಗುತ್ತದೆ.

ಉಳಿದಿರುವುದನ್ನು ಲೆಕ್ಕ ಇಡಿ. ಪಂಪನ್ನು ಅಲ್ಲಾಡಿಸಿ ನೋಡುವುದು, ನೀರಲ್ಲಿ ತೇಲಿಸುವುದು ಎರಡೂ ಸುಳ್ಳು ಲೆಕ್ಕ, ಏಕೆಂದರೆ ಔಷಧ ಮುಗಿದ ಮೇಲೂ ಒಳಗೆ ಒತ್ತಡದ ಅನಿಲ ಉಳಿದು ಬುಸ್ ಎನ್ನುತ್ತಿರುತ್ತದೆ. 120 ಡೋಸಿನ ಪಂಪನ್ನು ಬೆಳಿಗ್ಗೆ ಎರಡು, ರಾತ್ರಿ ಎರಡು ತೆಗೆದುಕೊಂಡರೆ ಸರಿಯಾಗಿ 30 ದಿನ. ಶುರು ಮಾಡಿದ ದಿನವನ್ನು ಪಂಪಿನ ಮೇಲೇ ಬರೆಯಿರಿ. "ದಮ್ಮು ಬಂದಾಗ" ಎಂದು ಬರೆದ 200 ಡೋಸಿನ ಪಂಪು ಒಂದೇ ತಿಂಗಳಲ್ಲಿ ಖಾಲಿಯಾಯಿತೆಂದರೆ ದಿನಕ್ಕೆ ಆರೇಳು ಸಲ ಹೊಡೆದುಕೊಳ್ಳುತ್ತಿದ್ದಾರೆ ಎಂದಾಯಿತು. ವೈದ್ಯರಿಗೆ ತಪ್ಪದೆ ತಿಳಿಸಬೇಕಾದ ಸೂಚನೆ ಇದು.

ಹಂತ 3: ಪಂಪು ಎಳೆದುಕೊಳ್ಳುವುದು

ಈ ಹಂತಕ್ಕೆ ಒಂದು ವಾರ ಪೂರ್ತಿ ಕೊಡಿ. ಮೊದಲು ಸಾಧನ ಯಾವುದೆಂದು ನೋಡಿ. ಒತ್ತಿದರೆ ಬುಸ್ ಎನ್ನುವ ಸ್ಪ್ರೇ ಪಂಪನ್ನು ನಿಧಾನವಾಗಿ ಎಳೆಯಬೇಕು. ಕ್ಯಾಪ್ಸೂಲ್ ಹಾಕುವ ಪುಡಿ ಸಾಧನವನ್ನು ಜೋರಾಗಿ, ಒಂದೇ ಎಳೆತಕ್ಕೆ ಎಳೆಯಬೇಕು. ಹೆಚ್ಚಿನವರು ಇದನ್ನೇ ಉಲ್ಟಾ ಮಾಡುತ್ತಾರೆ.

*ಸ್ಪ್ರೇ ಪಂಪು, ಸ್ಪೇಸರ್ ಜೊತೆ.* ಎಪ್ಪತ್ತು ದಾಟಿದವರಿಗೆ ಸ್ಪೇಸರ್ ಇಲ್ಲದೆ ಕೊಡಬೇಡಿ. ಒತ್ತುವ ಕ್ಷಣಕ್ಕೂ ಎಳೆಯುವ ಕ್ಷಣಕ್ಕೂ ಹೊಂದಿಸುವುದು ಗಟ್ಟಿ ಕೈಯವರಿಗೇ ಕಷ್ಟ.

1. ಕೃತಕ ಹಲ್ಲಿನ ಸೆಟ್ ಗಟ್ಟಿಯಾಗಿ ಕೂತಿದ್ದರೆ ಹಾಕಿಕೊಂಡೇ ಇರಲಿ, ತುಟಿ ಚೆನ್ನಾಗಿ ಮುಚ್ಚುತ್ತದೆ. ಸಡಿಲವಾಗಿದ್ದರೆ ತೆಗೆಸಿ.
2. ನೆಟ್ಟಗೆ ಕೂರಿಸಿ. ಮಲಗಿ, ಒರಗಿ ಬೇಡ.
3. ಮುಚ್ಚಳ ತೆಗೆದು ಬಾಯಿಯ ಕಡೆ ಕಸ, ಅಡಿಕೆ ಚೂರು ಏನಾದರೂ ಸಿಕ್ಕಿದೆಯೇ ನೋಡಿ. ಜೇಬಿನಲ್ಲಿ ಮುಚ್ಚಳವಿಲ್ಲದೆ ಇಟ್ಟುಕೊಳ್ಳುವವರ ಪಂಪಿನಲ್ಲಿ ಸಿಕ್ಕೇ ಸಿಗುತ್ತದೆ.
4. ಪಂಪನ್ನು ಐದಾರು ಸಲ ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಬಹಳ ದಿನ ಬಳಸದೆ ಇದ್ದರೆ, ಒಳಗಿನ ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಹೊಡೆದು ಬಿಡಿ.
5. ಸ್ಪೇಸರ್‌ನ ಹಿಂಬದಿಗೆ ಪಂಪನ್ನು ನೆಟ್ಟಗೆ ಸಿಕ್ಕಿಸಿ, ಪಂಪಿನೊಳಗಿನ ಔಷಧದ ಡಬ್ಬಿಯ ತಳ ಮೇಲಕ್ಕಿರಲಿ.
6. ಉಸಿರನ್ನು ಆರಾಮಾಗಿ ಪೂರ್ತಿ ಹೊರಗೆ ಬಿಡಿಸಿ.
7. ಬಾಯಿಕೊಳವೆಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿಸಿ. ನಾಲಿಗೆ ಕೆಳಗಿರಲಿ.
8. ಪಂಪನ್ನು ಒಂದೇ ಸಲ ಒತ್ತಿ. ತಕ್ಷಣ ಬಾಯಿಂದ ನಿಧಾನವಾಗಿ, ಮೂರರಿಂದ ಐದು ಸೆಕೆಂಡ್ ಎಳೆಯಲಿ.
9. ಹತ್ತು ಎಣಿಸುವವರೆಗೆ ಉಸಿರು ಹಿಡಿಯಲಿ. ಐದಕ್ಕೇ ಬಿಟ್ಟರೆ ಐದೇ ಸರಿ. ಹಿಡಿಯಲು ಆಗದವರು ಸ್ಪೇಸರ್ ಬಾಯಲ್ಲೇ ಇಟ್ಟುಕೊಂಡು ಮಾಮೂಲಿನಂತೆ ಐದಾರು ಸಲ ಉಸಿರಾಡಲಿ.
10. ಎರಡನೇ ಡೋಸಿಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮತ್ತೆ ಮೊದಲಿಂದ.

ಎರಡು ಡೋಸನ್ನು ಒಟ್ಟಿಗೆ ಸ್ಪೇಸರ್‌ಗೆ ಹೊಡೆದರೆ ಹನಿಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಗೋಡೆಗೆ ಮೆತ್ತಿಕೊಳ್ಳುತ್ತವೆ. ಎರಡು ಹೊಡೆದರೂ ಎರಡರಷ್ಟು ಸಿಗುವುದಿಲ್ಲ. ಹೊಡೆದು ತಡಮಾಡಿದರೂ ಇದೇ ಗತಿ.

ಈಗ ಕನ್ನಡಿಯ ಕೆಲಸ. ಎಳೆಯುವಾಗ ತುಟಿಯಂಚಿನಿಂದಲೋ ಮೂಗಿನಿಂದಲೋ ತೆಳ್ಳಗೆ ಬಿಳಿ ಆವಿ ಹೊರಬಂದರೆ ಆ ಡೋಸ್ ದಂಡ. ಮೂಗಿನಿಂದ ಎಳೆಯುವ ಅಭ್ಯಾಸ ಬಿಡದವರಿಗೆ ಮೊದಲ ಕೆಲವು ದಿನ ಎರಡು ಬೆರಳಲ್ಲಿ ಮೂಗು ಹಿಡಿದುಕೊಳ್ಳಲು ಹೇಳಿ. ತುಟಿ ಮುಚ್ಚಲಾಗದವರಿಗೆ, ಪಾರ್ಶ್ವವಾಯು ಆದವರಿಗೆ, ಮಾಸ್ಕ್ ಇರುವ ಸ್ಪೇಸರ್ ಸಿಗುತ್ತದೆ. ಗಂಟು ನೋವಿದ್ದು ಬೆರಳಿಗೆ ಬಲವಿಲ್ಲದಿದ್ದರೆ ಎರಡೂ ಕೈಯ ಬೆರಳುಗಳಿಂದ ಮೇಲೆ ಒತ್ತಿ, ಹೆಬ್ಬೆರಳು ಕೆಳಗಿರಲಿ.

ಸ್ಪೇಸರ್ ತೊಳೆಯುವುದರಲ್ಲಿ ಒಂದು ಗುಟ್ಟಿದೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ ಅದ್ದಿ ತೆಗೆಯಿರಿ, ಹಾಗೇ ನೆರಳಲ್ಲಿ ಒಣಗಲು ಬಿಡಿ. ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ಕಿಗೆ ಸ್ಥಾಯಿ ವಿದ್ಯುತ್ ಬಂದು, ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಹಾಗೆ ಔಷಧವನ್ನು ಗೋಡೆಗೇ ಎಳೆದುಕೊಳ್ಳುತ್ತದೆ. ಬಾಯಿಗೆ ತಾಗುವ ಭಾಗವನ್ನು ಮಾತ್ರ ಬಳಸುವ ಮುಂಚೆ ತೊಳೆದರಾಯಿತು. ಬಿರುಕು ಬಿಟ್ಟರೆ, ಒಳಗಿನ ಕವಾಟ ಸುರುಟಿದರೆ ಹೊಸದು ತನ್ನಿ.

*ಪುಡಿ ಸಾಧನ, ರೋಟಾಹೇಲರ್ ಬಗೆಯದು.* ಬಾಯಿಕೊಳವೆಯನ್ನು ಹಿಡಿದು ಬುಡವನ್ನು ನಿಲ್ಲುವವರೆಗೆ ತಿರುಗಿಸಿ. ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಹೋಗುವಂತೆ ಚೌಕದ ತೂತಿಗೆ ಹಾಕಿ, ತೂತಿನ ಮಟ್ಟಕ್ಕೆ ಬರುವಷ್ಟು ಒತ್ತಿ. ಮತ್ತೆ ಬುಡವನ್ನು ನಿಲ್ಲುವವರೆಗೆ ತಿರುಗಿಸಿದರೆ ಕ್ಯಾಪ್ಸೂಲ್ ಬೇರ್ಪಡುತ್ತದೆ. ಸಾಧನದಿಂದ ಮುಖ ಆಚೆ ತಿರುಗಿಸಿ ಉಸಿರು ಬಿಡಲಿ. ಒಳಗೆ ಊದಿದರೆ ಬಾಯಿಯ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಆಮೇಲೆ ಬಾಯಿಂದ ಜೋರಾಗಿ, ಆಳವಾಗಿ ಎಳೆದು ಹತ್ತು ಸೆಕೆಂಡ್ ಹಿಡಿಯಬೇಕು. ಬಿಚ್ಚಿ ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಲಿ.

ಎರಡು ಮೂರು ಎಳೆತವಾದರೂ ಪುಡಿ ಉಳಿಯುತ್ತಿದ್ದರೆ ಎಳೆಯುವ ಶಕ್ತಿ ಸಾಲುತ್ತಿಲ್ಲ. ಬಹಳ ವಯಸ್ಸಾದವರಲ್ಲಿ, ಈಚೆಗೆ ಆಸ್ಪತ್ರೆಯಿಂದ ಬಂದವರಲ್ಲಿ ಇದು ಮಾಮೂಲು. ಅಂಥವರಿಗೆ ಸ್ಪ್ರೇ ಮತ್ತು ಸ್ಪೇಸರ್, ಇಲ್ಲವೇ ಔಷಧವನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಕೇಳಿ ಬದಲಿಸಿಕೊಳ್ಳಬೇಕು. ಮಾತ್ರೆ ಎಂದುಕೊಂಡು ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ಬಿಪಿ, ಸಕ್ಕರೆ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಇಡಲೇಬೇಡಿ. ಬಚ್ಚಲುಮನೆಯ ಕಿಟಕಿಯಲ್ಲೂ ಬೇಡ, ಅಲ್ಲಿನ ತೇವ ಪುಡಿಯನ್ನು ಹಾಳುಮಾಡುತ್ತದೆ.

ಸ್ಟೀರಾಯ್ಡ್ ಇರುವ ಪಂಪು ಯಾವುದೇ ಆಗಲಿ, ಎಳೆದ ಮೇಲೆ ಗಂಟಲವರೆಗೆ ನೀರು ಮುಕ್ಕಳಿಸಿ ಉಗಿಯಬೇಕು. ಹಲ್ಲುಜ್ಜುವ ಮುಂಚೆ ಪಂಪು ಎಂದು ರೂಢಿ ಮಾಡಿದರೆ ಇದು ತಾನಾಗಿ ನಡೆಯುತ್ತದೆ. ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ, ಖಾರ ತಿಂದರೆ ಉರಿ, ದನಿ ಒಡೆದಂತಾಗುವುದು: ಇವು ಮುಕ್ಕಳಿಸುವುದನ್ನು ಬಿಟ್ಟದ್ದರ ಗುರುತು. ಟಯೊಟ್ರೋಪಿಯಮ್ ಶುರುವಾದ ಮೇಲೆ ಮೂತ್ರ ಕಟ್ಟಿದರೆ, ಕಣ್ಣು ಕೆಂಪಾಗಿ ನೋವು ಬಂದರೆ ವೈದ್ಯರಿಗೆ ಬೇಗ ತಿಳಿಸಿ. ಪ್ರಾಸ್ಟೇಟ್ ದಪ್ಪಗಾದವರು, ಗ್ಲಾಕೋಮಾ ಇರುವವರು ಅದನ್ನು ಮೊದಲೇ ಹೇಳಿರಬೇಕು.

ಹಂತ 4: ಮನೆಯೊಳಗಿನ ಹೊಗೆ ತೆಗೆಯಿರಿ

ಅಡುಗೆಗೆ ಗ್ಯಾಸ್ ಬಂದಿರುತ್ತದೆ, ಬಚ್ಚಲ ಹಂಡೆಯ ಒಲೆ ಮಾತ್ರ ಹಾಗೇ ಇರುತ್ತದೆ. ಅದಕ್ಕೆ ತೆಂಗಿನ ಗರಿ, ಅಡಿಕೆ ಸಿಪ್ಪೆ ತುರುಕಿ ಊದುವ ಕೆಲಸ ಮನೆಯ ಹಿರಿಯರದ್ದೇ. ಆ ಕೆಲಸ ಬೇರೆಯವರಿಗೆ ಹೋಗಲಿ. ಸೊಳ್ಳೆ ಬತ್ತಿ, ಸಾಂಬ್ರಾಣಿ, ಊದುಬತ್ತಿ ಅವರು ಮಲಗುವ ಕೋಣೆಯಲ್ಲಿ ಬೇಡ, ಸೊಳ್ಳೆ ಪರದೆ ಸಾಕು. ಒಣಮೆಣಸಿನಕಾಯಿ ಹುರಿಯುವ ಹೊತ್ತಿಗೆ ಅವರು ಹೊರಗೆ ಜಗಲಿಯಲ್ಲಿರಲಿ.

ಬೀಡಿ ಬಿಟ್ಟಷ್ಟೂ ಶ್ವಾಸಕೋಶ ಸವೆಯುವ ವೇಗ ತಗ್ಗುತ್ತದೆ, ಎಪ್ಪತ್ತೈದರಲ್ಲಿ ಬಿಟ್ಟರೂ ಲಾಭವಿದೆ. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋಕಾಕಲ್ ಲಸಿಕೆ ವೈದ್ಯರು ಹೇಳಿದ ಕ್ರಮದಲ್ಲಿ.

ಹಂತ 5: ಉಸಿರು ಬಿಡುವುದನ್ನು ಕಲಿಸಿ

ದಮ್ಮು ಕಟ್ಟಿದಾಗ ಎಲ್ಲರೂ "ಜೋರಾಗಿ ಎಳ್ಕೊಳ್ಳಿ" ಎನ್ನುತ್ತಾರೆ. ಈ ಕಾಯಿಲೆಯಲ್ಲಿ ತೊಂದರೆ ಇರುವುದೇ ಬಿಡುವುದರಲ್ಲಿ. ಹಳೆಯ ಗಾಳಿ ಒಳಗೇ ಸಿಕ್ಕಿಹಾಕಿಕೊಂಡಿರುವಾಗ ಹೊಸದಕ್ಕೆ ಜಾಗವೆಲ್ಲಿ? ಮೂಗಿನಿಂದ ಎರಡು ಎಣಿಸುತ್ತ ಎಳೆಯಿರಿ. ತುಟಿಯನ್ನು ಬಿಸಿ ಕಾಫಿ ಆರಿಸುವಾಗಿನಂತೆ ಕೂಡಿಸಿ, ನಾಲ್ಕು ಎಣಿಸುತ್ತ ಬಿಡಿ. ಕೆನ್ನೆ ಉಬ್ಬಬಾರದು, ಹೊಟ್ಟೆಯನ್ನು ಬಲವಂತವಾಗಿ ಒಳಗೆ ದಬ್ಬಬಾರದು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಐದು ನಿಮಿಷ, ಆರಾಮಾಗಿರುವಾಗ ಅಭ್ಯಾಸ ಮಾಡಿಸಿ. ದಮ್ಮು ಬಂದಾಗಲೇ ಕಲಿಸಲು ಹೋದರೆ ಕೈಗೆ ಹತ್ತುವುದಿಲ್ಲ. ತಲೆ ತಿರುಗಿದರೆ ಬೇಗ ಬೇಗ ಮಾಡುತ್ತಿದ್ದಾರೆಂದು ಅರ್ಥ.

ಇದನ್ನೇ ಕೆಲಸಕ್ಕೆ ಹೊಂದಿಸಬೇಕು. ಬಗ್ಗುವಾಗ, ಕೊಡಪಾನ ಎತ್ತುವಾಗ, ಮೆಟ್ಟಿಲ ಮೇಲೆ ಹೆಜ್ಜೆ ಇಡುವಾಗ, ಅಂದರೆ ಶ್ರಮ ಬೀಳುವ ಕ್ಷಣದಲ್ಲೆಲ್ಲ ಉಸಿರು ಹೊರಗೆ. ಸ್ನಾನ ಸ್ಟೂಲಿನ ಮೇಲೆ ಕೂತು. ತಲೆಯ ಮೇಲೆ ಕೈ ಎತ್ತಿ ಮೈ ಒರೆಸುವುದು ಬಹಳ ದಮ್ಮು ತರುತ್ತದೆ, ದೊಡ್ಡ ಟವೆಲ್ ಹೊದ್ದು ಸುಮ್ಮನೆ ಕೂತರೆ ನೀರು ತಾನೇ ಇಂಗುತ್ತದೆ. ಕುಕ್ಕರಗಾಲಿನ ಪಾಯಿಖಾನೆಯಾದರೆ ಅದರ ಮೇಲಿಡುವ ಕಮೋಡ್ ಕುರ್ಚಿ ತನ್ನಿ.

ದಮ್ಮು ಹತ್ತಿದಾಗ ಕುರ್ಚಿಯಲ್ಲಿ ಕೂತು ಮುಂದೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೂರಬೇಕು. ಸುತ್ತ ಗುಂಪುಗೂಡಿ ಬೆನ್ನು ಉಜ್ಜಬೇಡಿ, ಮಲಗಿಸಬೇಡಿ. ಫ್ಯಾನ್ ಗಾಳಿ ಮುಖಕ್ಕೆ ಬೀಳಲಿ.

ಕಫ ತೆಗೆಯಲು ಕೆಮ್ಮಿ ಕೆಮ್ಮಿ ಸುಸ್ತಾಗುವ ಬದಲು, ಆಳವಾಗಿ ಎಳೆದು, ಬಾಯಿ ತೆರೆದು, ಕನ್ನಡಕದ ಗಾಜಿಗೆ ಆವಿ ಹಿಡಿಸುವಂತೆ "ಹಾ" ಎಂದು ಎರಡು ಸಲ ಊದಲಿ. ಕಫ ಮೇಲೆ ಬಂದಾಗ ಒಂದೇ ಕೆಮ್ಮು ಸಾಕು.

ಹಂತ 6: ನಡಿಗೆ

ನಡೆದರೆ ದಮ್ಮು ಬರುತ್ತದೆ ಎಂದು ಕೂರಿಸಿಬಿಡುವುದು ಮನೆಯವರು ಪ್ರೀತಿಯಿಂದ ಮಾಡುವ ತಪ್ಪು. ಸೊರಗಿದ ತೊಡೆ ಅದೇ ಕೆಲಸಕ್ಕೆ ಹೆಚ್ಚು ಆಮ್ಲಜನಕ ಕೇಳುತ್ತದೆ.

ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಮೊದಲ ವಾರ ಮೂರು ನಿಮಿಷ ನಡಿಗೆ, ಎರಡು ನಿಮಿಷ ಕೂರುವುದು, ಹೀಗೆ ಮೂರು ಸುತ್ತು. ವಾರಕ್ಕೆ ಪ್ರತಿ ಸುತ್ತಿಗೆ ಒಂದು ನಿಮಿಷ ಸೇರಿಸುತ್ತ ಹೋಗಿ. ಒಟ್ಟು 20ರಿಂದ 30 ನಿಮಿಷ, ವಾರಕ್ಕೆ ಐದು ದಿನ ಎಂಬಲ್ಲಿಗೆ ಬಂದರೆ ಚೆನ್ನ. ವೇಗದ ಅಳತೆ ಇಷ್ಟೇ: ನಡುನಡುವೆ ಒಂದೊಂದು ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು. ಎರಡು ಮಾತಿಗೇ ನಿಲ್ಲಿಸಬೇಕಾದರೆ ವೇಗ ಹೆಚ್ಚಾಯಿತು. ನಿಂತ ಹತ್ತು ನಿಮಿಷದೊಳಗೆ ಉಸಿರು ಮೊದಲಿನಂತಾಗಬೇಕು. ಮಾಗಿಯ ಚಳಿಯಲ್ಲಿ ಐದೂವರೆಗೆ ಪಾರ್ಕಿಗೆ ಹೋಗುವ ಹಟ ಬೇಡ, ಬಿಸಿಲೇರಿದ ಮೇಲೆ ತಾರಸಿಯಲ್ಲೋ ಹಜಾರದಲ್ಲೋ ನಡೆದರೂ ಕಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದು. ಐದು ಸಲದಿಂದ ಶುರು, ಏಳುವಾಗ ಉಸಿರು ಹೊರಗೆ. ಕುರ್ಚಿ ಗೋಡೆಗೆ ತಾಗಿರಲಿ. ಎದೆನೋವು, ತಲೆಸುತ್ತು, ಆಕ್ಸಿಮೀಟರ್ 88ಕ್ಕಿಂತ ಕೆಳಗೆ ಬಂದರೆ ಅವತ್ತಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ತೂಕ ತಿಂಗಳಿಗೊಮ್ಮೆ ಬರೆದಿಡಿ. ಹೊಟ್ಟೆ ತುಂಬ ಉಂಡರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯದೆ ದಮ್ಮು ಬರುತ್ತದೆ ಎಂದು ಹಿರಿಯರು ಊಟವನ್ನೇ ಕಡಿಮೆ ಮಾಡುತ್ತಾರೆ. ಮೂರು ಊಟವನ್ನು ಐದಾರು ಮಾಡಿ, ಮೊಟ್ಟೆ, ಮೊಸರು, ಬೇಳೆ, ಮೊಳಕೆಕಾಳಿನ ಬೇಯಿಸಿದ ಪಲ್ಯ ಪ್ರತಿ ಸಲವೂ ಒಂದಿಷ್ಟಿರಲಿ.

ಹಂತ 7: ಆಕ್ಸಿಮೀಟರ್, ಆಕ್ಸಿಜನ್

ಐದು ನಿಮಿಷ ಸುಮ್ಮನೆ ಕೂತ ಮೇಲೆ, ಬೆಚ್ಚಗಿನ ಕೈಯಲ್ಲಿ, ಮದರಂಗಿಯಾಗಲಿ ಉಗುರು ಬಣ್ಣವಾಗಲಿ ಇಲ್ಲದ ಬೆರಳಿಗೆ ಹಾಕಿ, ಅರ್ಧದಿಂದ ಒಂದು ನಿಮಿಷ ಕಾದು ನಿಂತ ಅಂಕಿ ಬರೆಯಿರಿ. ಎರಡು ಅಂಕಿ ಕಾಣುತ್ತವೆ. ನಾಡಿಯ 84 ಅನ್ನು ಆಮ್ಲಜನಕವೆಂದು ಓದಿ ನಡುರಾತ್ರಿ ಆಸ್ಪತ್ರೆಗೆ ಓಡುವುದುಂಟು. ಸಿಒಪಿಡಿ ಇರುವವರದು ಆರಾಮಾಗಿರುವಾಗಲೂ 91-92 ಇರಬಹುದು. ಅವರ ಮಾಮೂಲು ಅಂಕಿ ಎಷ್ಟೆಂದು ಗೊತ್ತಿದ್ದರೆ ಇಳಿದದ್ದು ತಿಳಿಯುತ್ತದೆ.

ಮನೆಯಲ್ಲಿ ದೀರ್ಘಕಾಲ ಆಕ್ಸಿಜನ್ ಬೇಕೇ ಎಂಬ ಮಾತು ಬರುವುದು, ಕಾಯಿಲೆ ಸ್ಥಿರವಾಗಿರುವಾಗ ಕೂತಲ್ಲೇ 88 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ರಕ್ತದ ಪರೀಕ್ಷೆಯೂ ಹಾಗೇ ಹೇಳಿದರೆ. ಕೊಟ್ಟರೆ ದಿನಕ್ಕೆ ಕನಿಷ್ಠ 15 ಗಂಟೆ ಹಾಕಬೇಕು, ದಮ್ಮು ಬಂದಾಗ ಹತ್ತು ನಿಮಿಷ ಹಾಕುವುದರಿಂದ ಉದ್ದೇಶ ಈಡೇರದು. ಗುರಿ ಸಾಮಾನ್ಯವಾಗಿ 88ರಿಂದ 92. "98 ಬರಲಿ" ಎಂದು ಗುಂಡಿ ತಿರುಗಿಸಿದರೆ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆಳಗಿನ ತಲೆನೋವು, ಹಗಲಲ್ಲೇ ತೂಕಡಿಕೆ, ತೊದಲು ಅದರ ಸೂಚನೆ.

ಯಂತ್ರದ ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ. ಆಕ್ಸಿಜನ್‌ಗೆ ತೇವ ಕೊಡುವ ಬಾಟಲಿಗೆ ಔಷಧ ಅಂಗಡಿಯ ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕುವುದಲ್ಲ. ದೀಪ, ಊದುಬತ್ತಿ, ಗ್ಯಾಸ್ ಒಲೆ ಮೂರು ಮೀಟರ್ ದೂರವಿರಲಿ. ಕೊಳವೆ ಹಾಕಿಕೊಂಡೇ ಬೀಡಿ ಹಚ್ಚಿ ಮುಖ ಸುಟ್ಟುಕೊಂಡವರಿದ್ದಾರೆ. ಕರೆಂಟ್ ಹೋದಾಗಿನ ಸಿಲಿಂಡರ್ ವ್ಯವಸ್ಥೆ ಯಂತ್ರ ಬಂದ ದಿನವೇ ಆಗಬೇಕು.

ಹಂತ 8: ಯಾವಾಗ ಕಾಯಬಾರದು

ಕಫ ಹೆಚ್ಚಾಗುವುದು, ಬಿಳಿ ಇದ್ದದ್ದು ಹಳದಿ-ಹಸಿರಾಗುವುದು, ಮಾಮೂಲಿಗಿಂತ ದಮ್ಮು ಹೆಚ್ಚುವುದು: ಇವುಗಳಲ್ಲಿ ಎರಡು ಕಂಡರೆ ಅಂದೇ ಅಥವಾ ಮರುದಿನವೇ ವೈದ್ಯರ ಬಳಿ ಹೋಗಿ. ಜ್ವರಕ್ಕೆ ಕಾಯಬೇಡಿ, ಬಹಳ ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬಾರದಿರಬಹುದು. ಇದ್ದಕ್ಕಿದ್ದಂತೆ ಮನೆಯವರ ಹೆಸರು ಮರೆಯುವುದು, ಊಟ ಬಿಡುವುದೇ ಮೊದಲ ಸೂಚನೆಯಾಗಿರುತ್ತದೆ. ಕಾಲು ಊದಿದರೆ, ಕಫದಲ್ಲಿ ರಕ್ತ ಕಂಡರೆ ಅದನ್ನೂ ತಡಮಾಡದೆ ತೋರಿಸಿ.

ತುಟಿ, ಉಗುರು ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಎದೆನೋವಿದ್ದರೆ, ಎಬ್ಬಿಸಿದರೂ ಮಂಪರಾಗಿದ್ದರೆ, ಪಂಪು ಹೊಡೆದರೂ ದಮ್ಮು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಹೋಗುವಾಗ ಔಷಧದ ಚೀಲ, ನೋಟ್‌ಬುಕ್, ಸ್ಪೇಸರ್ ಜೊತೆಗಿರಲಿ. ಸಿಒಪಿಡಿ ಇದೆ, ಮಾಮೂಲು ಅಂಕಿ ಇಷ್ಟು ಎಂದು ಮೊದಲೇ ಹೇಳಿ, ಆಕ್ಸಿಜನ್ ಎಷ್ಟು ಕೊಡಬೇಕೆಂಬುದು ಅದರ ಮೇಲಿದೆ.

ಆಸ್ಪತ್ರೆಯಿಂದ ಬಿಟ್ಟು ಬರುವಾಗ ಹೆಚ್ಚಾಗಿ ಪಂಪು ಬದಲಾಗಿರುತ್ತದೆ, ಹೆಸರು ಬೇರೆ, ಒಳಗಿನ ಔಷಧ ಅದೇ. ಮನೆಗೆ ಬಂದು ಹಳೆಯದನ್ನೂ ಹೊಸದನ್ನೂ ಎರಡನ್ನೂ ಎಳೆಯುತ್ತಾರೆ. ಚೀಟಿಯ ಮುಂದೆ ಎಲ್ಲವನ್ನೂ ಸಾಲಾಗಿಟ್ಟು, ಚೀಟಿಯಲ್ಲಿಲ್ಲದ್ದನ್ನು ಅಂದೇ ತೆಗೆದು ಬೇರೆ ಇಡಿ. ಹೊಸ ಸಾಧನದ ಮೇಲೆ ಮಾರ್ಕರ್‌ನಲ್ಲಿ ಬರೆದು, ಮೂರನೇ ಹಂತವನ್ನು ಕನ್ನಡಿಯ ಮುಂದೆ ಮತ್ತೆ ಮೊದಲಿಂದ ಶುರು ಮಾಡಿ.